1,700 ಜನರ ದ್ವೀಪದಲ್ಲಿ ಅನುಮಾನದ ಸಾವಾದರೆ ತನಿಖೆ ಯಾರದ್ದು?

ಏಡಿಪುರಾಣ

ಕ್ರಿಸ್ಮಸ್ ದ್ವೀಪ ಅಂದ ಕೂಡಲೇ ಎಲ್ಲರೂ ಕೆಂಪು ಏಡಿಗಳ ವಿಡಿಯೋ ಕಳಿಸ್ತೀರಿ, ಗೊತ್ತು. ನನ್ನ ಪ್ರಶ್ನೆ ಬೇರೆ. ದ್ವೀಪ ಆಸ್ಟ್ರೇಲಿಯಾಕ್ಕೆ ಸೇರಿದ್ದು. ಆದರೆ ಇರುವುದು ಇಂಡೋನೇಷ್ಯಾದ ಜಾವಾದಿಂದ ಸುಮಾರು 350 ಕಿ.ಮೀ. ದಕ್ಷಿಣಕ್ಕೆ. ಪರ್ತ್ ನಗರ ಅಲ್ಲಿಂದ 2,600 ಕಿ.ಮೀ. ದೂರ. ಜಾಗ 135 ಚದರ ಕಿ.ಮೀ., ಅದರಲ್ಲಿ ಬಹುಪಾಲು ಕಾಡು. ಜನ 1,700ರ ಆಸುಪಾಸು.

ಅಲ್ಲಿ ಯಾರೋ ಬಂಡೆಯ ಕೆಳಗೆ ಸತ್ತು ಬಿದ್ದಿದ್ದಾರೆ ಅಂದುಕೊಳ್ಳಿ. ಜಾರಿ ಬಿದ್ದರೋ, ಯಾರಾದರೂ ತಳ್ಳಿದರೋ, ಹಾರ್ಟ್ ಅಟ್ಯಾಕೋ ಗೊತ್ತಿಲ್ಲ. ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರ್ ಅಲ್ಲೇ ಇರ್ತಾರಾ? ಲ್ಯಾಬ್ ಇರುತ್ತಾ? ಇಲ್ಲದಿದ್ದರೆ ಶವವನ್ನೇ ವಿಮಾನ ಹತ್ತಿಸ್ತಾರಾ? ತಿಳಿದವರು ಹೇಳಿ. ಗೂಗಲ್ ಮಾಡು ಅನ್ನಬೇಡಿ, ಮಾಡಿಯೇ ಬಂದಿದ್ದೇನೆ.

ಪರ್ತ್ ಪಡಸಾಲೆ

ಹೌದು, ವಿಮಾನ ಹತ್ತಿಸ್ತಾರೆ.

ಸ್ವಲ್ಪ ಬಿಡಿಸಿ ಹೇಳ್ತೇನೆ. ಕ್ರಿಸ್ಮಸ್ ದ್ವೀಪಕ್ಕೆ ಸ್ವಂತ ಶಾಸಕಾಂಗ ಇಲ್ಲ, ಸ್ವಂತ ಹೈಕೋರ್ಟೂ ಇಲ್ಲ. 1992ರಿಂದ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಕಾನೂನುಗಳನ್ನೇ ಕೇಂದ್ರ ಸರ್ಕಾರ ಅಲ್ಲಿಗೂ ಅನ್ವಯ ಮಾಡಿದೆ. ಪೊಲೀಸರು ಮಾತ್ರ ಕೇಂದ್ರದವರು, ಅಂದರೆ ಆಸ್ಟ್ರೇಲಿಯನ್ ಫೆಡರಲ್ ಪೊಲೀಸ್. ಆದ್ದರಿಂದ ಅನುಮಾನದ ಸಾವಿನ ಫೈಲು ಬರುವುದು ಪರ್ತ್‌ನ ಕರೋನರ್ ಕೋರ್ಟಿಗೆ. ಕರೋನರ್ ಅಂದರೆ ಸಾವಿನ ಕಾರಣ ಹುಡುಕುವುದಕ್ಕೇ ಇರುವ ನ್ಯಾಯಾಧಿಕಾರಿ. ಸತ್ತವರು ಯಾರು, ಹೇಗೆ ಸತ್ತರು, ಸಾವಿಗೆ ಕಾರಣ ಏನು ಅನ್ನುವುದಷ್ಟೇ ಅವರ ಕೆಲಸ. "ಇವನೇ ಕೊಂದವನು" ಎಂದು ಬರೆಯುವ ಅಧಿಕಾರ ಅವರಿಗಿಲ್ಲ. ಅದು ಕ್ರಿಮಿನಲ್ ಕೋರ್ಟಿನ ವಿಷಯ.

ದ್ವೀಪದಲ್ಲಿ ಸಣ್ಣ ಆಸ್ಪತ್ರೆ ಇದೆ, ಸಾಮಾನ್ಯ ಡಾಕ್ಟರುಗಳಿದ್ದಾರೆ. ಸಾವು ಸಹಜ, ಕಾರಣವೂ ಗೊತ್ತು ಅಂದರೆ ಅವರೇ ಸರ್ಟಿಫಿಕೇಟ್ ಕೊಡುತ್ತಾರೆ. ಅಪಘಾತ, ಗಾಯ, ಹಠಾತ್ ಸಾವು, ಬಂಧನದಲ್ಲಿದ್ದವರ ಸಾವು, ಗುರುತು ಸಿಗದ ಶವ, ಇವೆಲ್ಲ ಕರೋನರಿಗೆ ವರದಿಯಾಗಲೇಬೇಕು. ಪೂರ್ತಿ ಪೋಸ್ಟ್‌ಮಾರ್ಟಂ ಬೇಕಾದರೆ ಶವ ಪರ್ತ್‌ಗೆ. ಇಲ್ಲಿ ನೆಡ್‌ಲ್ಯಾಂಡ್ಸ್ ಎಂಬಲ್ಲಿ ರಾಜ್ಯದ ಶವಾಗಾರ ಇದೆ, ಪಾತ್‌ವೆಸ್ಟ್ ಸಂಸ್ಥೆಯ ಫೊರೆನ್ಸಿಕ್ ಡಾಕ್ಟರುಗಳು ಅಲ್ಲಿ ಕೆಲಸ ಮಾಡುತ್ತಾರೆ. ವಿಷ, ಮದ್ಯ, ಔಷಧಿಯ ಪರೀಕ್ಷೆಗೆ ಬೇರೆಯೇ ಲ್ಯಾಬು, ಕೆಮ್‌ಸೆಂಟರ್ ಅಂತ.

ಆದರೆ ದ್ವೀಪಕ್ಕೆ ವಿಮಾನ ದಿನಾ ಇಲ್ಲ. ರನ್‌ವೇ ಎತ್ತರದ ಮೇಲಿದೆ. ಮೋಡ ಕವಿದರೆ ಬಂದ ವಿಮಾನ ಇಳಿಯದೆ ವಾಪಸ್ ಹೋಗುವುದೂ ಉಂಟು.

ಹಳೇ ಠಾಣೆ

ಮೂವತ್ತು ವರ್ಷ ಕರ್ನಾಟಕ ಪೊಲೀಸಿನಲ್ಲಿದ್ದವನು. ನಮ್ಮಲ್ಲಿ ಹೇಗೆ ಅನ್ನುವುದನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ.

ಇಲ್ಲಿ ಕರೋನರ್ ಇಲ್ಲ. ಹಿಂದೆ ಮುಂಬೈ, ಕೋಲ್ಕತ್ತಾದಲ್ಲಿ ಬ್ರಿಟಿಷರ ಕಾಲದ್ದು ಇತ್ತು. ಮುಂಬೈಯದ್ದು ಕೂಡ 1999ರಲ್ಲಿ ನಿಂತು ಹೋಯಿತು. ನಮ್ಮಲ್ಲಿ ಠಾಣೆಯವರೇ ಯುಡಿಆರ್ (ಅಸಹಜ ಸಾವಿನ ವರದಿ) ಹಾಕುತ್ತಾರೆ, ಪಂಚರನ್ನು ಕರೆದು ಶವಪಂಚನಾಮೆ ಮಾಡುತ್ತಾರೆ, ಶವವನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತಾರೆ. ಹಿಂದೆ ಅದಕ್ಕೆ ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ ಸೆಕ್ಷನ್ 174, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194. ಲಾಕಪ್ ಸಾವಾದರೆ ಮ್ಯಾಜಿಸ್ಟ್ರೇಟ್ ಬರುತ್ತಾರೆ. ವಿಸೆರಾ, ಅಂದರೆ ಒಳಾಂಗಗಳ ಮಾದರಿ, ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್ (ಫೊರೆನ್ಸಿಕ್ ಲ್ಯಾಬ್)ಗೆ ಹೋಗುತ್ತದೆ. ಪ್ರಾದೇಶಿಕ ಲ್ಯಾಬುಗಳೂ ಇವೆ. ಆಮೇಲೆ ಕಾಯುವುದು.

ಅಂದರೆ ನಮ್ಮಲ್ಲಿ ಸಾವಿನ ಕಾರಣ ಹುಡುಕುವವನೂ ಪೊಲೀಸ್, ಕೇಸ್ ಹಾಕುವವನೂ ಪೊಲೀಸ್. ಅವರಲ್ಲಿ ಪೊಲೀಸ್ ಸಾಕ್ಷ್ಯ ತಂದು ಕೊಡುವವನು, ತೀರ್ಮಾನ ಇನ್ನೊಬ್ಬರದ್ದು. ನನಗೆ ಅವರ ಪದ್ಧತಿಯೇ ಹಿಡಿಸುತ್ತದೆ. ಇಲ್ಲಿ ಯುಡಿಆರ್ ಫೈಲು ಮುಚ್ಚುವಾಗ ಮೇಲಿನವರು ಅಷ್ಟಾಗಿ ಪ್ರಶ್ನೆ ಕೇಳುವುದಿಲ್ಲ. ಒಳಗಿದ್ದವನಾಗಿ ಹೇಳ್ತಿದ್ದೇನೆ.

ಕೋರ್ಟ್ ಕಟ್ಟೆ

ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. 1958ರವರೆಗೆ ಕ್ರಿಸ್ಮಸ್ ದ್ವೀಪದ ಆಡಳಿತ ಸಿಂಗಾಪುರದ ಕೈಯಲ್ಲಿತ್ತು. ಆಸ್ಟ್ರೇಲಿಯಾಕ್ಕೆ ಹೋದ ಮೇಲೂ 1992ರವರೆಗೆ ಸಿಂಗಾಪುರದ ಹಳೆಯ ಕಾನೂನುಗಳೇ ನಡೆಯುತ್ತಿದ್ದವು. ಸಿಂಗಾಪುರದ ದಂಡಸಂಹಿತೆ ಬರೆದದ್ದು ನಮ್ಮ ಐಪಿಸಿಯನ್ನೇ ಮುಂದಿಟ್ಟುಕೊಂಡು. ಹಾಗಾಗಿ ಮೊನ್ನೆಮೊನ್ನೆಯವರೆಗೆ ಆ ದ್ವೀಪಕ್ಕೂ ಧಾರವಾಡಕ್ಕೂ ಕೊಲೆಯ ಸೆಕ್ಷನ್ ಹೆಚ್ಚು ಕಮ್ಮಿ ಒಂದೇ ಇತ್ತು. ಸುಮ್ನೆ ಹೇಳಿದೆ.

ಕುಂದಾಪ್ರೇಮಿ

ಇದೆಲ್ಲ ಸರಿ. ಒಬ್ಬ ಫೊರೆನ್ಸಿಕ್ ಡಾಕ್ಟರನ್ನು ಅಲ್ಲೇ ನೇಮಿಸಿಬಿಟ್ಟರೆ ಏನು ಕಷ್ಟ? ಅಷ್ಟು ಶ್ರೀಮಂತ ದೇಶ. ಶವ ಹೊತ್ತು ನಾಲ್ಕು ತಾಸು ಹಾರುವುದಕ್ಕಿಂತ ಅಗ್ಗ ಅಲ್ವಾ?

ಶವಾಗಾರದ ಪಿಜಿ

ಫೊರೆನ್ಸಿಕ್ ಮೆಡಿಸಿನ್ ಓದುತ್ತಿದ್ದೇನೆ, ನಾನೇ ಉತ್ತರ ಕೊಡ್ತೇನೆ.

ಮೊದಲನೆಯದು ಕೈ ಅಭ್ಯಾಸ. 1,700 ಜನರ ಊರಲ್ಲಿ ಪೋಸ್ಟ್‌ಮಾರ್ಟಂ ಬೇಕಾಗುವ ಸಾವು ವರ್ಷಕ್ಕೆ ಬೆರಳೆಣಿಕೆ. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲವು ದಿನ ಬೆಳಿಗ್ಗೆಯೇ ಅಷ್ಟು ಬಂದಿರುತ್ತವೆ. ಕುತ್ತಿಗೆಯೊಳಗಿನ ಸಣ್ಣ ರಕ್ತಸ್ರಾವ ನೋಡಿ ಇದು ನೇಣೋ, ಹಿಸುಕಿದ್ದೋ ಎಂದು ಹೇಳಬೇಕಾದರೆ ಅಂಥದ್ದನ್ನು ನೂರಾರು ನೋಡಿರಬೇಕು. ವರ್ಷಕ್ಕೆ ನಾಲ್ಕು ನೋಡಿದರೆ ಕಣ್ಣು ಮಂದವಾಗುತ್ತದೆ. ಡಾಕ್ಟರ್ ಒಬ್ಬರೇ ಇದ್ದರೂ ಸಾಲದು. ಸಹಾಯಕರು, ಹಿಸ್ಟೋಪೆಥಾಲಜಿ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಭಾಗ), ವಿಷ ಪತ್ತೆ ಮಾಡುವ ಯಂತ್ರ, ಅದನ್ನು ನಡೆಸುವವರು, ವರದಿಯನ್ನು ಪರಿಶೀಲಿಸುವ ಇನ್ನೊಬ್ಬ ಡಾಕ್ಟರ್, ಎಲ್ಲ ಬೇಕು.

ಎರಡನೆಯದು ಮುಲಾಜು. ಅಷ್ಟು ಸಣ್ಣ ಊರಲ್ಲಿ ಸತ್ತವರು ನಿಮ್ಮ ಮಗನ ಟೀಚರ್ ಆಗಿರಬಹುದು, ಆರೋಪ ಬಂದವನು ನಿಮ್ಮ ಮನೆ ನಲ್ಲಿ ರಿಪೇರಿ ಮಾಡುವವನಾಗಿರಬಹುದು. ಹೊರಗಿನವರು ಕುಯ್ದು ನೋಡಿದರೆ ಆ ಸಂಕಟ ಇಲ್ಲ.

ಆದರೆ ತಜ್ಞರು ಎಷ್ಟೇ ದೂರದಿಂದ ಬರಲಿ, ಮೊದಲ ಕೆಲವು ಗಂಟೆ ದ್ವೀಪದವರ ಕೈಯಲ್ಲೇ ಇರುತ್ತದೆ. ಶವ ಹೇಗೆ ಬಿದ್ದಿತ್ತು ಎಂದು ಫೋಟೋ ತೆಗೆದವರು ಯಾರು? ಮೈ ಬಿಗಿದಿತ್ತಾ, ರಕ್ತ ಕೆಳಗಿಳಿದು ಆಗುವ ಕಲೆ ಮೈಯಲ್ಲಿ ಎಲ್ಲಿ ಕೂತಿತ್ತು, ಆಗ ಗಂಟೆ ಎಷ್ಟು ಎಂದು ಬರೆದಿಟ್ಟರಾ? ಕೈಗಳಿಗೆ ಕಾಗದದ ಚೀಲ ಕಟ್ಟಿದರಾ, ಇಲ್ಲ ಪಾಪ ಅಂತ ಮುಖ ತೊಳೆದುಬಿಟ್ಟರಾ? ಉಷ್ಣವಲಯದ ಸೆಕೆಯಲ್ಲಿ ಶವ ಕೆಡುವ ವೇಗ ಭಯಂಕರ. ಮೂರು ದಿನದ ಮೇಲೆ ಪರ್ತ್‌ನ ಟೇಬಲ್ ಮೇಲೆ ಮಲಗಿದಾಗ ಅರ್ಧ ಕಥೆ ಅಳಿಸಿಹೋಗಿರುತ್ತದೆ. ಆಗ ಡಾಕ್ಟರಿಗೆ ಆಧಾರ ಆ ದ್ವೀಪದ ಕಾನ್ಸ್ಟೇಬಲ್, ನರ್ಸ್ ಬರೆದ ಚೀಟಿಯೇ. ಸಣ್ಣ ಜಾಗದಲ್ಲಿ ದುಡ್ಡು ಹಾಕಬೇಕಾದದ್ದು ಲ್ಯಾಬಿಗಲ್ಲ, ಈ ಇಬ್ಬರ ತರಬೇತಿಗೆ, ಮತ್ತೆ ಒಂದು ಒಳ್ಳೆಯ ಶೀತಲ ಕೋಣೆಗೆ.

ಏಡಿಪುರಾಣ

ಒಬ್ಬರು ಸತ್ತರೆ ಇಷ್ಟು ಕಥೆ. ಒಂದೇ ದಿನ ಹತ್ತಾರು ಜನ ಸತ್ತರೆ?

ಪರ್ತ್ ಪಡಸಾಲೆ

ಅದೂ ಆಗಿದೆ. 2010ರ ಡಿಸೆಂಬರ್ 15. ಇಂಡೋನೇಷ್ಯಾದಿಂದ ಬಂದ ಮರದ ದೋಣಿ, 89 ಆಶ್ರಯ ಬೇಡುವವರು, ಹೆಚ್ಚಿನವರು ಇರಾನ್, ಇರಾಕ್ ಕಡೆಯವರು. ಸಿಬ್ಬಂದಿ 3 ಜನ. ಬೆಳಗಿನ ಹೊತ್ತು, ಮಳೆಗಾಲದ ಭಾರೀ ಅಲೆ, ಇಂಜಿನ್ ಕೆಟ್ಟಿತ್ತು. ರಾಕಿ ಪಾಯಿಂಟ್ ಎಂಬಲ್ಲಿ ಬಂಡೆಗೆ ಬಡಿದು ನುಚ್ಚುನೂರಾಯಿತು. ಊರಿನವರು ದಂಡೆಯ ಬಂಡೆಗಳ ಮೇಲೆ ನಿಂತು ಲೈಫ್ ಜಾಕೆಟ್ ಎಸೆದರು. ನೌಕಾಪಡೆಯ ಹಡಗು ದ್ವೀಪದ ಇನ್ನೊಂದು ಬದಿಯಲ್ಲಿ ಅಲೆ ಕಡಿಮೆ ಇರುವ ಕಡೆ ಇತ್ತು, ಅದು ಸುತ್ತಿ ಬರುವಷ್ಟರಲ್ಲಿ ತಡವಾಗಿತ್ತು. 50 ಜನ ಸತ್ತರು, 42 ಜನ ಉಳಿದರು. ಸಿಕ್ಕ ಶವಗಳು 30 ಮಾತ್ರ.

ಆಗ ಸಣ್ಣ ಆಸ್ಪತ್ರೆ ಏನು ಮಾಡೀತು? ಇಂಥದ್ದಕ್ಕೆ ಇಂಟರ್‌ಪೋಲ್‌ನ ಒಂದು ಕ್ರಮ ಇದೆ. ಶವದ ವಿವರ ಪಿಂಕ್ ಫಾರ್ಮಿನಲ್ಲಿ, ಕಾಣೆಯಾದವರ ವಿವರ ಹಳದಿ ಫಾರ್ಮಿನಲ್ಲಿ. ಎರಡನ್ನೂ ಹೊಂದಿಸಬೇಕು. ಬೆರಳಚ್ಚು, ಹಲ್ಲು, ಡಿಎನ್‌ಎ ಈ ಮೂರೇ ಗಟ್ಟಿ ಆಧಾರ. ಮುಖ ನೋಡಿ ಗುರುತು ಹಿಡಿಯುವುದಕ್ಕೆ ಬೆಲೆ ಕಡಿಮೆ. ಆದರೆ ಸತ್ತವರ ಹಲ್ಲಿನ ದಾಖಲೆ ಇರುವುದು ಇರಾನಿನ ಯಾವುದೋ ಊರಲ್ಲಿ. ಕಾಗದಪತ್ರ ಸಮುದ್ರದ ಪಾಲು. ಕೆಲವು ಕಡೆ ಇಡೀ ಕುಟುಂಬವೇ ಮುಳುಗಿದೆ, ಗುರುತು ಹೇಳುವವರು ಯಾರು? ಶವಗಳನ್ನು ಮುಖ್ಯಭೂಮಿಗೆ ತಂದರು. 2011ರ ಫೆಬ್ರವರಿಯಲ್ಲಿ ಕೆಲವರ ಅಂತ್ಯಕ್ರಿಯೆ ಸಿಡ್ನಿಯಲ್ಲಿ ಆಯಿತು. ಬದುಕುಳಿದವರನ್ನು ಅದಕ್ಕೆ ಸರ್ಕಾರಿ ಖರ್ಚಿನಲ್ಲಿ ಕರೆದೊಯ್ದದ್ದಕ್ಕೂ ಇಲ್ಲಿ ರಾಜಕೀಯ ಜಗಳ ನಡೆಯಿತು ಎಂದರೆ ನಂಬ್ತೀರಾ?

ಆಗಿನ ರಾಜ್ಯ ಕರೋನರ್ ಅಲಸ್ಟೇರ್ ಹೋಪ್ ವಿಚಾರಣೆ ನಡೆಸಿ 2012ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಶವವೇ ಸಿಗದ 20 ಜನರೂ ಸತ್ತಿದ್ದಾರೆ ಎಂದು ತೀರ್ಮಾನಿಸುವ ಕೆಲಸವೂ ಅವರದ್ದೇ ಆಗಿತ್ತು. ಕೆಟ್ಟ ದೋಣಿಯಲ್ಲಿ ಜನ ತುಂಬಿ ಕಳಿಸಿದ ದಲ್ಲಾಳಿಗಳ ಮೇಲೆ ಮುಖ್ಯ ತಪ್ಪು ಹೊರಿಸಿದರು. ಜೊತೆಗೆ, ಅಂಥ ಸಮುದ್ರಕ್ಕೆ ಇಳಿಯಬಲ್ಲ ಒಂದು ರಕ್ಷಣಾ ದೋಣಿ ದ್ವೀಪದಲ್ಲಿ ಇರಲಿಲ್ಲ ಅನ್ನುವುದನ್ನೂ ಬರೆದರು. ಹಳೇ ಠಾಣೆ ಸರ್, ನಿಮ್ಮ ಯುಡಿಆರ್ ಫೈಲಿನಲ್ಲಿ ಈ ಸಾಲು ಬರೆಯುವವರು ಯಾರು?

ಹಳೇ ಠಾಣೆ

ಯಾರೂ ಇಲ್ಲ. ಬರೆದರೆ ವರ್ಗಾವಣೆ.

ಮಲ್ಪೆ ಗಾಳಿ

ಆ 20 ಜನರ ವಿಷಯ ಓದಿ ನಮ್ಮ ಊರಿನದ್ದು ನೆನಪಾಯಿತು ಮಾರಾಯ್ರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಕಾಣೆಯಾಯಿತಲ್ಲ, 7 ಮೀನುಗಾರರು. ಮುಂದಿನ ಮೇ ತಿಂಗಳಲ್ಲಿ ನೌಕಾಪಡೆಗೆ ಮಾಲ್ವಣದ ಹತ್ತಿರ ಸಮುದ್ರದಡಿ ಬೋಟಿನ ಅವಶೇಷ ಸಿಕ್ಕಿತು. ಜನ ಸಿಗಲಿಲ್ಲ. ಶವ ಇಲ್ಲದಿದ್ದರೆ ನಮ್ಮಲ್ಲಿ ಏಳು ವರ್ಷದ ಲೆಕ್ಕ ಬರುತ್ತದೆ. ಅಷ್ಟು ಕಾಲ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಸತ್ತಿದ್ದಾರೆ ಎಂದು ಕಾನೂನು ಊಹಿಸುತ್ತದೆ. ಸರ್ಕಾರ ವಿಶೇಷ ಆದೇಶ ಮಾಡಿದರೆ ಬೇರೆ ಮಾತು. ಅಲ್ಲಿ ಒಬ್ಬ ಅಧಿಕಾರಿ ಕೂತು ಸಾಕ್ಷ್ಯ ಕೇಳಿ, ವರ್ಷ ಒಂದೂಕಾಲಿನಲ್ಲಿ 'ಇವರು ತೀರಿಕೊಂಡಿದ್ದಾರೆ' ಎಂದು ಹೆಸರು ಹಿಡಿದು ಬರೆದಿದ್ದಾರೆ. ಮನೆಯವರಿಗೆ ಅದು ಎಷ್ಟು ದೊಡ್ಡದು ಅಂತ ಕಡಲಿಗೆ ಹೋಗುವವರ ಮನೆಯಲ್ಲಿ ಕೇಳಬೇಕು. ವಿಮೆಗೂ ಬ್ಯಾಂಕಿಗೂ ಆ ಕಾಗದ ಬೇಕು, ಬೊಜ್ಜಕ್ಕೂ (ಉತ್ತರಕ್ರಿಯೆಗೂ) ಒಂದು ದಿನ ಬೇಕು.

ಏಡಿಪುರಾಣ

ಒಂದು ವಿಚಿತ್ರ ಸಂಶಯ. ಆ ಏಡಿಗಳು... ಶವ ಬಿಡ್ತಾವಾ?

ಶವಾಗಾರದ ಪಿಜಿ

ಕೇಳ್ತೀರಿ ಅಂತ ಗೊತ್ತಿತ್ತು! ಕೆಂಪು ಏಡಿಯ ಮುಖ್ಯ ಊಟ ಎಲೆ, ಹಣ್ಣು. ಆದರೆ ಅಲ್ಲಿ ತೆಂಗಿನ ಏಡಿಯೂ ಇದೆ, ಅದು ಸತ್ತದ್ದನ್ನೂ ತಿನ್ನುತ್ತದೆ, ಸಿಕ್ಕಿದ್ದನ್ನು ಎಳೆದುಕೊಂಡೂ ಹೋಗುತ್ತದೆ.

ಇದರ ಪ್ರಸಿದ್ಧ ಉದಾಹರಣೆ ಪೆಸಿಫಿಕ್‌ನ ನಿಕುಮರೊರೊ ದ್ವೀಪದ್ದು. 1940ರಲ್ಲಿ ಅಲ್ಲಿನ ಬ್ರಿಟಿಷ್ ಅಧಿಕಾರಿಗೆ ಕೆಲವು ಮೂಳೆ ಸಿಕ್ಕವು. ಕಾಣೆಯಾದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಅವರದ್ದಿರಬಹುದೇ ಎಂದು ಫಿಜಿಗೆ ಕಳಿಸಿದರು. 1941ರಲ್ಲಿ ಅಲ್ಲಿನ ಡಾಕ್ಟರ್ ಹೂಡ್‌ಲೆಸ್ ಅಳೆದು ನೋಡಿ ಗಂಡಸಿನದು ಅಂದರು. ಆಮೇಲೆ ಮೂಳೆಗಳೇ ಕಳೆದುಹೋದವು! ಉಳಿದದ್ದು ಅವರು ಬರೆದಿಟ್ಟ ಅಳತೆ ಮಾತ್ರ. 2018ರಲ್ಲಿ ಮಾನವಶಾಸ್ತ್ರಜ್ಞ ರಿಚರ್ಡ್ ಜಾಂಟ್ಸ್ ಅದೇ ಅಳತೆಗಳನ್ನು ಹೊಸ ವಿಧಾನದಲ್ಲಿ ಲೆಕ್ಕ ಹಾಕಿ, ಇಯರ್‌ಹಾರ್ಟ್ ಅವರಿಗೇ ಹೆಚ್ಚು ಹೊಂದುತ್ತದೆ ಅಂದರು. ಎಲ್ಲರೂ ಒಪ್ಪಿಲ್ಲ. ಒಪ್ಪಿಸುವುದಕ್ಕೆ ಮೂಳೆ ಇದ್ದರೆ ತಾನೇ. ಉಳಿದ ಮೂಳೆಗಳನ್ನು ಏಡಿಗಳು ಎಳೆದುಕೊಂಡು ಹೋಗಿರಬಹುದು ಅನ್ನುವವರೂ ಇದ್ದಾರೆ.

ಕೋರ್ಟ್ ಕಟ್ಟೆ

ಕ್ರಿಸ್ಮಸ್ ದ್ವೀಪದಲ್ಲೇ ಇದರ ಉಲ್ಟಾ ಉದಾಹರಣೆ ಇದೆ. ಕಾಗದ ಕಳೆದುಹೋಗಿ ಶವ ಉಳಿದದ್ದು.

1941ರ ನವೆಂಬರ್ 19ರಂದು ಆಸ್ಟ್ರೇಲಿಯಾದ ಯುದ್ಧನೌಕೆ ಸಿಡ್ನಿ, ಜರ್ಮನಿಯ ಕೊರ್ಮೊರಾನ್ ಜೊತೆ ಕಾದಾಡಿ ಮುಳುಗಿತು. 645 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1942ರ ಫೆಬ್ರವರಿಯಲ್ಲಿ ಕ್ರಿಸ್ಮಸ್ ದ್ವೀಪದ ಹತ್ತಿರ ಒಂದು ತೆಪ್ಪ ತೇಲಿ ಬಂತು, ಅದರಲ್ಲಿ ಒಂದು ಶವ. ದ್ವೀಪದವರು ಪರೀಕ್ಷಿಸಿ ಗೌರವದಿಂದ ಹೂತರು. ಮುಂದಿನ ತಿಂಗಳೇ ಜಪಾನಿನ ಸೈನ್ಯ ದ್ವೀಪಕ್ಕೆ ಬಂತು, ದಾಖಲೆಗಳು ಹೋದವು. ಗೋರಿಯ ಗುರುತೂ ಹೋಯಿತು. 2001ರಲ್ಲಿ ಹುಡುಕಿದಾಗ ಸಿಗಲಿಲ್ಲ, 2006ರಲ್ಲಿ ಸಿಕ್ಕಿತು. ತಲೆಬುರುಡೆಯೊಳಗೆ ಒಂದು ಲೋಹದ ಚೂರು. ಗುಂಡೇಟೋ ಎಂಬ ಅನುಮಾನ ಮೊದಲು ಬಂದಿತ್ತು, ಅದರ ಮೇಲೆ ಏನೇನೋ ಕಥೆ ಹುಟ್ಟಿತ್ತು. ಪರೀಕ್ಷೆಯಲ್ಲಿ ಅದು ಜರ್ಮನ್ ಶೆಲ್ಲಿನ ಚೂರು ಎಂದು ತಿಳಿಯಿತು. 2008ರಲ್ಲಿ ಜೆರಾಲ್ಡ್‌ಟನ್‌ನ ಸೈನಿಕ ಸ್ಮಶಾನದಲ್ಲಿ ಹೆಸರಿಲ್ಲದೆ ಮತ್ತೆ ಹೂತರು. ಬಾಯಲ್ಲಿ ಚಿನ್ನ ತುಂಬಿಸಿದ ಹಲ್ಲುಗಳು, ಡಿಎನ್‌ಎ, ಸಂಬಂಧಿಕರ ಮಾದರಿ ಎಲ್ಲ ಸೇರಿ 2021ರ ನವೆಂಬರಿನಲ್ಲಿ ಹೆಸರು ಸಿಕ್ಕಿತು. ಬ್ರಿಸ್ಬೇನಿನ ಥಾಮಸ್ ವೆಲ್ಸ್‌ಬಿ ಕ್ಲಾರ್ಕ್. ಸತ್ತು 80 ವರ್ಷದ ಮೇಲೆ.

ಕುಂದಾಪ್ರೇಮಿ

ಓದಿ ಮೈ ಝುಂ ಅಂತು. ಆದರೆ ಇದೆಲ್ಲ ಯುದ್ಧ, ದುರಂತ. ಅಪ್ಪಟ ಕೊಲೆ ಕೇಸು ಸಣ್ಣ ದ್ವೀಪದಲ್ಲಿ ಹೇಗೆ ನಡೆಯುತ್ತದೆ?

ಕೋರ್ಟ್ ಕಟ್ಟೆ

ಅದಕ್ಕೆ ನಾರ್ಫೋಕ್ ದ್ವೀಪ ನೋಡಬೇಕು. ಅದೂ ಆಸ್ಟ್ರೇಲಿಯಾದ್ದೇ, ಆದರೆ ಇನ್ನೊಂದು ದಿಕ್ಕು, ಪೆಸಿಫಿಕ್‌ನಲ್ಲಿ. ಸುಮಾರು 35 ಚದರ ಕಿ.ಮೀ., ಜನ 2,000ದ ಆಸುಪಾಸು. 1856ರಲ್ಲಿ ಪಿಟ್‌ಕೇರ್ನ್ ಎಂಬ ಇನ್ನೊಂದು ಪೆಸಿಫಿಕ್ ದ್ವೀಪದಿಂದ ಬಂದ ಕುಟುಂಬಗಳ ವಂಶದವರು ಬಹಳ. ಒಂದೇ ಮನೆತನದ ಹೆಸರು ಎಷ್ಟು ಜನಕ್ಕಿದೆ ಅಂದರೆ, ಅಲ್ಲಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಅಡ್ಡಹೆಸರುಗಳನ್ನೂ ಹಾಕುತ್ತಾರೆ.

2002ರ ಮಾರ್ಚ್ 31, ಈಸ್ಟರ್ ಭಾನುವಾರ. ಸಿಡ್ನಿಯಿಂದ ಬಂದು ಅಲ್ಲಿ ಕೆಲಸಕ್ಕಿದ್ದ 29 ವರ್ಷದ ಮಹಿಳೆ ವಾಕಿಂಗ್ ಹೋದವರು ವಾಪಸ್ ಬರಲಿಲ್ಲ. ಒಂದು ಜಲಪಾತದ ಪಕ್ಕ, ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಶವ ಸಿಕ್ಕಿತು. ಎಷ್ಟೋ ದಶಕಗಳಿಂದ ಅಲ್ಲಿ ಕೊಲೆಯೇ ಆಗಿರಲಿಲ್ಲ. ದ್ವೀಪದಲ್ಲಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಪೊಲೀಸರು. ರಾಜಧಾನಿ ಕ್ಯಾನ್ಬೆರಾದಿಂದ ತಂಡ ಬಂತು.

ಪ್ಲಾಸ್ಟಿಕ್ ಮೇಲೆ ಬೆರಳಚ್ಚು ಇತ್ತು. ಆಗಸ್ಟಿನಲ್ಲಿ ಪೊಲೀಸರು ಊರಿನ ದೊಡ್ಡವರೆಲ್ಲರ ಬೆರಳಚ್ಚು ಕೇಳಿದರು. ಒತ್ತಾಯ ಇಲ್ಲ, ಸ್ವಇಚ್ಛೆಯಿಂದ. ಸಾವಿರಕ್ಕೂ ಹೆಚ್ಚು ಜನ ಕೊಟ್ಟರು. ಬೆಂಗಳೂರಿನಲ್ಲಿ ಒಂದು ವಾರ್ಡಿನಲ್ಲಿ ಹೀಗೆ ಕೇಳಿ ನೋಡಿ! ಆದರೆ ಯಾರ ಅಚ್ಚೂ ಹೊಂದಲಿಲ್ಲ. ಯಾಕೆಂದರೆ ಆ ಅಚ್ಚಿನ ಮನುಷ್ಯ, ನ್ಯೂಜಿಲೆಂಡಿನ ಒಬ್ಬ ಅಡುಗೆಯವನು, ಮೇ ತಿಂಗಳಲ್ಲೇ ದ್ವೀಪ ಬಿಟ್ಟಿದ್ದ.

2004ರಲ್ಲಿ ಕರೋನರ್ ವಿಚಾರಣೆ ಆಯಿತು. ನನ್ನ ಪ್ರಕಾರ ಅಲ್ಲಿ ಒಂದು ಕೆಟ್ಟ ಕೆಲಸ ನಡೆಯಿತು. ಪೊಲೀಸರು ತನಿಖೆಯಲ್ಲಿ ಬಂದ 16 ಜನರ ಹೆಸರನ್ನು ಬಹಿರಂಗವಾಗಿ ಓದಿದರು. ಅವರಲ್ಲಿ ಯಾರೂ ಕೊಲೆಗಾರರಲ್ಲ ಎಂದು ಆಮೇಲೆ ಗೊತ್ತಾಯಿತು. ದೊಡ್ಡ ನಗರದಲ್ಲಿ ಹೆಸರು ಬಂದರೆ ಬೇರೆ ಬಡಾವಣೆಗೆ ಮನೆ ಬದಲಿಸಬಹುದು. 35 ಚದರ ಕಿ.ಮೀ.ನಲ್ಲಿ ಎಲ್ಲಿಗೆ ಹೋಗ್ತೀರಿ? 2006ರಲ್ಲಿ ಆ ಅಡುಗೆಯವನನ್ನು ನ್ಯೂಜಿಲೆಂಡಿನಲ್ಲಿ ಹಿಡಿದರು. ಬೆರಳಚ್ಚಿನ ಜೊತೆ, ಶವದ ಬಟ್ಟೆಯಲ್ಲಿದ್ದ ಗಾಜಿನ ಚೂರುಗಳನ್ನೂ ಅವನ ಕಾರಿಗೆ ತಾಳೆ ಹಾಕಿದರು. 2007ರಲ್ಲಿ ದ್ವೀಪದ ಕೋರ್ಟಿನಲ್ಲೇ, ದ್ವೀಪದ ಜ್ಯೂರಿ ಮುಂದೆ ವಿಚಾರಣೆಯಾಗಿ ಅಪರಾಧ ಸಾಬೀತಾಯಿತು. ನ್ಯಾಯಾಧೀಶರು ಮಾತ್ರ ಮುಖ್ಯಭೂಮಿಯಿಂದ ಬಂದವರು. ಶಿಕ್ಷೆ 24 ವರ್ಷ. ದ್ವೀಪದಲ್ಲಿ ಜೈಲು ಇಲ್ಲ, ಅವನನ್ನೂ ಮುಖ್ಯಭೂಮಿಗೆ ವಿಮಾನ ಹತ್ತಿಸಿದರು.

ಶವಾಗಾರದ ಪಿಜಿ

ನಾನು ಹೇಳಿದ್ದು ಇದೇ. ತಜ್ಞರು ಬರುವವರೆಗೆ ಆ ಪ್ಲಾಸ್ಟಿಕ್ ಅನ್ನು ಯಾರೋ ಬಿಚ್ಚಿ ಒರೆಸಿ ಮಡಚಿ ಇಟ್ಟಿದ್ದರೆ ನಾಲ್ಕು ವರ್ಷದ ಮೇಲೆ ಯಾವ ಕ್ಯಾನ್ಬೆರಾ ತಂಡವೂ ಏನೂ ಮಾಡುವಂತಿರಲಿಲ್ಲ.

ಮಲ್ಪೆ ಗಾಳಿ

ನಮ್ಮ ಲಕ್ಷದ್ವೀಪವನ್ನು ಯಾರೂ ಎತ್ತಲಿಲ್ಲವಲ್ಲ. ಒಟ್ಟು ನೆಲ 32 ಚದರ ಕಿ.ಮೀ., ಅದೂ ಹತ್ತು ಊರುಗಳಾಗಿ ಸಮುದ್ರದಲ್ಲಿ ಹರಡಿದೆ. 2011ರ ಜನಗಣತಿಯಲ್ಲಿ 64,473 ಜನ. ಅಮೀನಿ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಕಲೆಕ್ಟರ್ ಮಂಗಳೂರಿನಲ್ಲಿ. ಇವತ್ತಿಗೂ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ. ಈಗ ಹೈಕೋರ್ಟ್ ಕೊಚ್ಚಿ. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಮಳೆಗಾಲದಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಜೀವ ಇರುವವರನ್ನು ಸಾಗಿಸುವುದೇ ಕಷ್ಟ.

ಕೋರ್ಟ್ ಕಟ್ಟೆ

2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಆದರೆ ಫೊರೆನ್ಸಿಕ್ ತಜ್ಞ ಸ್ಥಳಕ್ಕೆ ಬರಬೇಕು ಅಂತಿದೆ. ಆ ಸೌಲಭ್ಯ ಇಲ್ಲದ ರಾಜ್ಯ ಬೇರೆ ರಾಜ್ಯದ್ದನ್ನು ಬಳಸಬಹುದು ಎಂದೂ ಇದೆ. ಜಾರಿಗೆ ತರಲು ಐದು ವರ್ಷದ ಅವಕಾಶವನ್ನೂ ಕೊಟ್ಟಿದ್ದಾರೆ. ಸೆಕ್ಷನ್ ಬರೆಯುವುದು ಸುಲಭ. ಜೂನ್ ತಿಂಗಳಲ್ಲಿ ತಜ್ಞ ಲಕ್ಷದ್ವೀಪದ ಮಿನಿಕಾಯ್‌ಗೆ ಹೇಗೆ ಹೋಗಬೇಕು ಅನ್ನುವುದು ಸೆಕ್ಷನ್ನಿನಲ್ಲಿ ಇಲ್ಲ.

ಏಡಿಪುರಾಣ

ಕೊನೆಗೊಂದು. ಕ್ರಿಸ್ಮಸ್ ದ್ವೀಪದಲ್ಲಿ ಮಲಯ ಮುಸ್ಲಿಮರು ಬಹಳ ಇದ್ದಾರೆ. ಅವರಿಗೆ ಆದಷ್ಟು ಬೇಗ ದಫನ್ ಆಗಬೇಕು. ಶವ ಪರ್ತ್‌ಗೆ ಹೋಗಿ ಬರುವುದಕ್ಕೆ ಮನೆಯವರು ಒಪ್ಪದಿದ್ದರೆ?

ಪರ್ತ್ ಪಡಸಾಲೆ

ಆಕ್ಷೇಪ ಹೇಳಬಹುದು. ಇಲ್ಲಿನ ಕಾನೂನಿನಲ್ಲಿ ಸತ್ತವರ ಹತ್ತಿರದ ಬಂಧು ಪೋಸ್ಟ್‌ಮಾರ್ಟಂ ಬೇಡ ಎಂದು ಕರೋನರಿಗೆ ತಿಳಿಸಬಹುದು. ಕರೋನರ್ ಅದನ್ನು ಪರಿಗಣಿಸಲೇಬೇಕು. ಆದರೂ ಬೇಕೇ ಬೇಕು ಎಂದು ಕರೋನರ್ ನಿರ್ಧರಿಸಿದರೆ ಮನೆಯವರು ಸುಪ್ರೀಂ ಕೋರ್ಟಿಗೆ ಹೋಗಬಹುದು. ಇಲ್ಲಿ ಸುಪ್ರೀಂ ಕೋರ್ಟ್ ಅಂದರೆ ರಾಜ್ಯದ ದೊಡ್ಡ ಕೋರ್ಟ್. ಕೊಲೆಯ ಅನುಮಾನ ಇದ್ದರೆ ಆಕ್ಷೇಪ ನಿಲ್ಲುವುದು ಕಷ್ಟ. ವಯಸ್ಸಾದವರು, ಹಳೆಯ ಹೃದಯದ ಕಾಯಿಲೆ ಇತ್ತು ಅಂದರೆ ಆಸ್ಪತ್ರೆಯ ದಾಖಲೆ, ಹೊರಗಿನ ಪರೀಕ್ಷೆ, ರಕ್ತದ ಮಾದರಿಯಲ್ಲೇ ಮುಗಿಸುವ ಪ್ರಯತ್ನ ಆಗಬಹುದು.

ಹಳೇ ಠಾಣೆ

ನಮ್ಮಲ್ಲಿ ಯುಡಿಆರ್ ಹಾಕಿ ಪೋಸ್ಟ್‌ಮಾರ್ಟಂ ಅಂದಮೇಲೆ ಮನೆಯವರ ಆಕ್ಷೇಪಕ್ಕೆ ಇಂಥ ದಾರಿ ಇಲ್ಲ. ಶವಾಗಾರದ ಮುಂದೆ ನಿಂತು ಗಲಾಟೆ ಮಾಡುತ್ತಾರೆ, ಎಂಎಲ್‌ಎ ಫೋನ್ ಬರುತ್ತದೆ. 2021ರ ನವೆಂಬರಿನಲ್ಲಿ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಎಂದು ಕೇಂದ್ರ ಅನುಮತಿ ಕೊಟ್ಟಿತು. ಕೊಲೆ, ಆತ್ಮಹತ್ಯೆ, ಅತ್ಯಾಚಾರದಂಥ ಕೇಸುಗಳನ್ನು ಬಿಟ್ಟು. ಅಷ್ಟಾದರೂ ಕಾಯುವುದು ಕಮ್ಮಿಯಾಗಬೇಕಿತ್ತು. ತಾಲೂಕು ಆಸ್ಪತ್ರೆಗಳಲ್ಲಿ ಲೈಟೇ ಸರಿ ಇಲ್ಲ ಸ್ವಾಮಿ, ರಾತ್ರಿ ಯಾರು ಮಾಡ್ತಾರೆ?